ಹೊಸ್ತಿಲಿನ ಅಳತೆ

ಸುರೇಬಾನ
12 ಜನವರಿ 1998

ಬೈಲಹೊಂಗಲದ ವೆಲ್ಡಿಂಗ್ ಅಂಗಡಿಯ ಬಸವಣ್ಣೆಪ್ಪನವರಿಗೆ, ಸುರೇಬಾನದ ಗಂಗಯ್ಯನ ನಮಸ್ಕಾರಗಳು.

ನಮ್ಮ ನಿಮ್ಮ ಪರಿಚಯವಿಲ್ಲ. ಹೋದ ತಿಂಗಳು ರಾಮದುರ್ಗದ ಒಂದು ದವಾಖಾನೆಯಲ್ಲಿ ಒಬ್ಬ ಮುದುಕರು ಗಾಲಿ ಖುರ್ಚಿಯಲ್ಲಿ ಕುಳಿತಿದ್ದರು. ಅದು ಕಂಪನಿಯ ಮಾಲಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಯಾರು ಮಾಡಿದ್ದೆಂದು ಕೇಳಿದಾಗ ನಿಮ್ಮ ಹೆಸರು ಹೇಳಿ, "ಮನಷ್ಯಾ ಭಾಳ ಸಿಡುಕ, ಕೆಲಸ ಮಾತ್ರ ಚಲೋ" ಎಂದರು.

ನನ್ನ ಮಗಳು ಅನ್ನಪೂರ್ಣಾಳಿಗೆ ಇಪ್ಪತ್ತಾರು ವರ್ಷ. ಎರಡನೆಯ ವರ್ಷದಲ್ಲಿ ಪೋಲಿಯೋ ಬಂದು ಎರಡೂ ಕಾಲು ಹೋದವು. ಮನೆಯಲ್ಲೇ ಓದಿ ಬಿ.ಎ. ಕಟ್ಟಿ ಪಾಸಾಗಿದ್ದಾಳೆ. ಹೋದ ವರ್ಷ ನಮ್ಮೂರ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿಯ ಕೆಲಸ ಸಿಕ್ಕಿತು. ದಿನಾ ಮುಂಜಾನೆ ನಾನು ಅವಳನ್ನು ಬೆನ್ನ ಮೇಲೆ ಹೊತ್ತು ಗ್ರಂಥಾಲಯಕ್ಕೆ ಬಿಡುತ್ತೇನೆ, ಸಂಜೆ ಹೊತ್ತು ತರುತ್ತೇನೆ. ಓಣಿಯ ಮಂದಿ ಎದ್ದು ನಿಂತು ನನಗೆ ಕೈ ಮುಗಿಯುತ್ತಾರೆ. "ಅಪ್ಪ ಅಂದ್ರ ಹಿಂಗಿರಬೇಕ" ಎನ್ನುತ್ತಾರೆ. ಬೆನ್ನ ಮೇಲೆ ಇದ್ದವಳನ್ನು ಯಾರೂ ಮಾತಾಡಿಸುವುದಿಲ್ಲ.

ಮೂರು ವರ್ಷದ ಹಿಂದೆ ಸವದತ್ತಿಯ ಶಿಬಿರದಲ್ಲಿ ಒಂದು ಮೂರು ಗಾಲಿಯ ಸೈಕಲ್ಲು ಕೊಟ್ಟರು. ಹಾರ ಹಾಕಿ ಫೋಟೊ ತೆಗೆದರು. ಅದರ ಉದ್ದ ಎಷ್ಟೆಂದರೆ ನಮ್ಮ ಓಣಿಯ ತಿರುವಿನಲ್ಲಿ ಅದು ಹೊರಳುವುದೇ ಇಲ್ಲ. ಹತ್ತಿಸಲು ಇಬ್ಬರು ಬೇಕು, ಇಳಿಸಲು ಇಬ್ಬರು. ಈಗ ಹಿತ್ತಿಲಲ್ಲಿದೆ, ಅದರ ಸೀಟಿನ ಮೇಲೆ ಬೆಕ್ಕು ಎರಡು ಸಲ ಮರಿ ಹಾಕಿದೆ.

ನನ್ನ ಮಗಳು ತಾನೇ ಮನೆಯಿಂದ ಹೊರಬಿದ್ದು ತಾನೇ ಗ್ರಂಥಾಲಯ ಮುಟ್ಟಬೇಕು. ಬೇಕಾದದ್ದು ಇಷ್ಟೇ. ಉತ್ತರವನ್ನು ಗ್ರಂಥಾಲಯದ ವಿಳಾಸಕ್ಕೆ ಬರೆಯಿರಿ. ಮನೆಗೆ ಟಪಾಲು ಸರಿಯಾಗಿ ಮುಟ್ಟುವುದಿಲ್ಲ.

ಇಂತಿ,
ಗಂಗಯ್ಯ


ಬೈಲಹೊಂಗಲ
27 ಜನವರಿ 1998

ಗಂಗಯ್ಯನವರಿಗೆ ಶರಣು.

ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಕಿಡಿ ಸಿಡಿದು ಎಡಗೈ ಸುಟ್ಟುಕೊಂಡಿದ್ದೇನೆ, ಅದೊಂದು ಬಿಟ್ಟು ಕ್ಷೇಮ. ನನ್ನನ್ನು ಸಿಡುಕ ಎಂದವರು ಯಾರೆಂದು ಗೊತ್ತು. ಎರಡು ವರ್ಷದಿಂದ ಗಾಲಿಗೆ ಎಣ್ಣೆ ಹಾಕಿಲ್ಲ, ಅದಕ್ಕೆ ಬೈದಿದ್ದೆ.

ನಿಮ್ಮ ಕಾಗದದಲ್ಲಿ ಮಗಳ ವಯಸ್ಸಿದೆ, ಓದಿದೆ, ಓಣಿಯ ಮಂದಿಯ ಮಾತಿದೆ, ಬೆಕ್ಕಿನ ಬಾಣಂತನವಿದೆ. ಒಂದೇ ಒಂದು ಅಳತೆ ಇಲ್ಲ. ನಾನೇನು ಗಾಳಿಗೆ ಖುರ್ಚಿ ಮಾಡಲೇ? ಒಂದು ಅಂಗಿ ಹೊಲಿಸಬೇಕಾದರೆ ಸಿಂಪಿಗರ ಮುಂದೆ ಕೈ ಚಾಚಿ ನಿಲ್ಲುವ ಮಂದಿ, ಕಾಲಿಲ್ಲದವರ ವಿಷಯ ಬಂದ ಕೂಡಲೇ ಎಲ್ಲರಿಗೂ ಒಂದೇ ಅಳತೆ ಎಂದುಕೊಳ್ಳುತ್ತಾರೆ. ಆ ಶಿಬಿರದವರು ಮಾಡಿದ್ದೂ ಅದನ್ನೇ.

ನಮ್ಮ ಅಜ್ಜ ಮೊದಲ ಮಹಾಯುದ್ಧದಲ್ಲಿ ಬಸ್ರಾ ಲಡಾಯಿಗೆ ಹೋಗಿ ಒಂದು ಕಾಲನ್ನು ಅಲ್ಲೇ ಬಿಟ್ಟು ಬಂದವನು. ಸರಕಾರ ಕಟ್ಟಿಗೆಯ ಕಾಲು ಕೊಟ್ಟಿತು. ಅದು ಯಾವನೋ ಎತ್ತರದ ಸಾಹೇಬನ ಅಳತೆಯದು. ಅಜ್ಜ ಆರು ತಿಂಗಳು ಒಂದು ಮಗ್ಗುಲು ಏರಿಸಿಕೊಂಡೇ ನಡೆದು, ಕೊನೆಗೆ ಬಾಚಿ ಹಿಡಿದು ತಾನೇ ಅದನ್ನು ಎರಡು ಬೆರಳಿನಷ್ಟು ಕೆತ್ತಿ ಗಿಡ್ಡ ಮಾಡಿಕೊಂಡ. ಅಂದಿನಿಂದ ಈ ಕೆಲಸ ನಮ್ಮ ಮನೆಗೆ ಬಂತು. ಕುಂಟರಿಗೆ ಊರುಗೋಲು, ಕಾಲಿಲ್ಲದವರಿಗೆ ಬೇರಿಂಗ್ ಹಚ್ಚಿದ ಹಲಗೆ, ಈಗ ಖುರ್ಚಿ. ಅಳತೆ ಇಲ್ಲದೆ ಒಂದನ್ನೂ ಮಾಡಿಲ್ಲ.

ಬೇಕಾದದ್ದು ಕೇಳಿ: ಸೊಂಟದ ಅಗಲ, ಬೆನ್ನಿನಿಂದ ಮೊಣಕಾಲಿನವರೆಗೆ, ಮೊಣಕಾಲಿನಿಂದ ಹಿಮ್ಮಡಿಯವರೆಗೆ. ಮತ್ತು ಮನೆಯ ಬಾಗಿಲಿನ ಅಗಲ. ಇದರ ಕೆಳಗೆ ಮೂರು ಗೆರೆ ಎಳೆದಿದ್ದೇನೆ, ಕಾಣದಿದ್ದರೆ ಕನ್ನಡಕ ಹಾಕಿಕೊಳ್ಳಿ. ಗೇಣು, ಮೊಳ ಎಂದು ಬರೆಯಬೇಡಿ. ನಿಮ್ಮ ಗೇಣು ಬೇರೆ, ನನ್ನದು ಬೇರೆ. ಟೇಪು ಹಿಡಿದು ಇಂಚಿನಲ್ಲಿ ಬರೆಯಿರಿ. ಉಳಿದದ್ದನ್ನು ಮಗಳಿಗೇ ಕೇಳಿ. ಕೂಡುವವಳು ಅವಳು, ನೀವಲ್ಲ.

ಬಸವಣ್ಣೆಪ್ಪ


ಸುರೇಬಾನ
10 ಫೆಬ್ರುವರಿ 1998

ಬಸವಣ್ಣೆಪ್ಪನವರಿಗೆ ನಮಸ್ಕಾರಗಳು.

ಅಳತೆಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಬಾಗಿಲಿನ ಅಗಲ ಇಪ್ಪತ್ತೊಂಬತ್ತು ಇಂಚು. ಮೂರು ಸಲ ಅಳೆದದ್ದು. ನಿಮ್ಮ ಮೂರು ಗೆರೆ ಕಂಡವು, ಕನ್ನಡಕ ಇನ್ನೂ ಬಂದಿಲ್ಲ.

ಮಗಳಿಗೆ ಕೇಳಿದೆ. ಅವಳದು ಒಂದೇ ಮಾತು. ಖುರ್ಚಿಯ ಹಿಂದೆ ದೂಡುವ ಹಿಡಿಕೆ ಬೇಡ. ಹಿಡಿಕೆ ಇದ್ದರೆ ಮಂದಿಯ ಕೈ ತಾನಾಗಿ ಬರುತ್ತದೆ, ಹೇಳದೆ ಕೇಳದೆ ಎತ್ತಲೋ ತಿರುಗಿಸಿ ನಿಲ್ಲಿಸುತ್ತಾರೆ ಎನ್ನುತ್ತಾಳೆ. ಮನೆಗೆ ಬಂದ ನೆಂಟ ಹೆಣ್ಣುಮಕ್ಕಳು ಅವಳನ್ನು ಜೋಳದ ಚೀಲದಂತೆ ಇಲ್ಲಿಂದೆತ್ತಿ ಅಲ್ಲಿಟ್ಟು ಕಸ ಹೊಡೆಯುತ್ತಾರಂತೆ.

ಇಂತಿ,
ಗಂಗಯ್ಯ


ಬೈಲಹೊಂಗಲ
22 ಏಪ್ರಿಲ್ 1998

ಗಂಗಯ್ಯನವರಿಗೆ ಶರಣು.

ಖುರ್ಚಿಯನ್ನು ರಾಮದುರ್ಗದ ಬಸ್ಸಿನ ಮೇಲೆ ಹಾಕಿಸಿದ್ದೇನೆ. ಕಂಡಕ್ಟರ್ "ಇದಕ್ಕೂ ಟಿಕೀಟ್ ಹರೀಬೇಕೇನ್ರಿ, ಕುಂದರೂ ಸಾಮಾನಲ್ಲ ಇದು?" ಎಂದು ತಲೆ ತಿಂದ.

ನೋಡಿ, ನಾನು ಹುಡುಗನಿದ್ದಾಗ ಧಾರವಾಡದ ಒಂದು ದವಾಖಾನೆಯಲ್ಲಿ ಬೆತ್ತದ ಗಾಲಿ ಖುರ್ಚಿ ಇತ್ತು. ದೊಡ್ಡ ಗಾಲಿ ಮುಂದೆ, ಸಣ್ಣದು ಹಿಂದೆ. ಯಾರಾದರೂ ದೂಡಿದರೆ ಮಾತ್ರ ನೆಟ್ಟಗೆ ಹೋಗುತ್ತಿತ್ತು. ಅದು ಸಾಹೇಬರ ಕಾಲದ್ದು, ಅವರಿಗೆ ದೂಡುವ ಆಳುಗಳಿಗೇನು ಬರ? ಆಮೇಲೆ ದೊಡ್ಡ ಗಾಲಿ ಹಿಂದಕ್ಕೆ ಬಂತು, ಕೂತವರ ಕೈಗೆ ನಿಲುಕಿತು. ಇಷ್ಟು ಸಣ್ಣ ಬುದ್ಧಿ ಓಡಲು ಎಷ್ಟೋ ವರ್ಷ ಬೇಕಾದವು. ನಿಮ್ಮ ಮಗಳ ಖುರ್ಚಿಯನ್ನು ಹೊಸ ಪದ್ಧತಿಯಲ್ಲೇ ಮಾಡಿದ್ದೇನೆ. ದೊಡ್ಡ ಗಾಲಿ ಹಿಂದೆ, ಸಣ್ಣ ತಿರುಗುವ ಗಾಲಿ ಮುಂದೆ. ಅಗಲ ಇಪ್ಪತ್ತಾರು ಇಂಚು. ಬಾಗಿಲಿನಲ್ಲಿ ಆಚೆ ಈಚೆ ಒಂದೂವರೆ ಇಂಚು ಉಳಿಯುತ್ತದೆ, ಬಳೆ ತಾಗದಂತೆ ನೋಡಿಕೊಳ್ಳಲಿ.

ಹಿಡಿಕೆ ಹಾಕಿದ್ದೇನೆ. ಹಿಡಿಕೆಯಿಲ್ಲದ ಖುರ್ಚಿ ಎಲ್ಲಾದರೂ ಉಂಟೇ? ಮಂದಿ ಮುಟ್ಟಿದರೆ ಬೈಯಲು ಕಲಿಯಲಿ.

ಬಸವಣ್ಣೆಪ್ಪ


ಸುರೇಬಾನ
8 ಮೇ 1998

ಬಸವಣ್ಣೆಪ್ಪನವರಿಗೆ ನಮಸ್ಕಾರಗಳು.

ಖುರ್ಚಿ ಮುಟ್ಟಿತು. ನುಣುಪಾಗಿದೆ. ಮಗಳು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಮೊದಲ ದಿನವೇ ನಲವತ್ತು ಸಲ ತಿರುಗಿದಳು. ಅವಳ ತಾಯಿ ಚನ್ನವ್ವ ತಲೆ ತಿರುಗುತ್ತದೆ ನಿಲ್ಲಿಸು ಎಂದಳು.

ಆದರೆ ಖುರ್ಚಿ ಹೊರಗೆ ಹೋಗುವುದಿಲ್ಲ. ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಇಂತಿ,
ಗಂಗಯ್ಯ


ಬೈಲಹೊಂಗಲ
16 ಮೇ 1998

ಅಯ್ಯನವರೇ,

ಹೊಸ್ತಿಲು! ಯಾವ ಹೊಸ್ತಿಲು? ಎಷ್ಟು ಎತ್ತರ? ಅಳತೆಯ ಹಾಳೆಯಲ್ಲಿ ಹೊಸ್ತಿಲು ಎಂಬ ಶಬ್ದವೇ ಇಲ್ಲ. ಮಗಳ ಬಳೆಯ ಅಳತೆಯನ್ನೂ ಬರೆದಿದ್ದೀರಿ, ಇದನ್ನು ಬರೆಯಲಿಲ್ಲ.

ನಮ್ಮದು ಬಜಾರದ ಮನೆ, ಅಂಗಡಿಯ ಹಾಗೆ ನೆಲಮಟ್ಟ. ನನ್ನ ತಲೆಗೆ ಹೊಳೆಯಲಿಲ್ಲ. ನಿಮಗೆ ಹೊಳೆಯಬಾರದೇ? ದಿನಾ ದಾಟುವವರು ನೀವು.

ಎತ್ತರ ಬರೆಯಿರಿ. ಇಲ್ಲವಾದರೆ ಕೊಯ್ದು ತೆಗೆಯಿರಿ, ಒಂದು ಕರಗಸದ ಕೆಲಸ. ಅದೂ ಆಗದಿದ್ದರೆ ಒಳಗೊಂದು ಹೊರಗೊಂದು ಇಳಿಜಾರು ಹಲಗೆ ಹಾಕಿರಿ.

ಬಸವಣ್ಣೆಪ್ಪ


ಸುರೇಬಾನ
3 ಜೂನ್ 1998

ಬಸವಣ್ಣೆಪ್ಪನವರಿಗೆ ನಮಸ್ಕಾರಗಳು.

ಎತ್ತರ ಹತ್ತು ಇಂಚು. ಹಳೆಯ ಸಾಗವಾನಿ. ನಮ್ಮ ಮನೆಯ ಎತ್ತುಗಳೂ ಅದೇ ಬಾಗಿಲಿನಿಂದ ಒಳಗೆ ಬಂದು ದನ ಕಟ್ಟುವ ದಂದಕ್ಕಿಗೆ ಹೋಗುತ್ತವೆ. ಕಾಲೆತ್ತಿ ದಾಟಲು ಅವಕ್ಕೂ ಗೊತ್ತಿದೆ. ಎತ್ತು ದಾಟಿದ್ದನ್ನು ಖುರ್ಚಿ ದಾಟುವುದಿಲ್ಲವಲ್ಲ ಎಂದು ಮಗಳು ದಿನಾ ನೋಡುತ್ತಾ ಕೂಡುತ್ತಾಳೆ.

ಹಲಗೆಯ ಮಾತು ಆಡಬೇಡಿ. ಹತ್ತು ಇಂಚು ಏರಬೇಕಾದರೆ ಇತ್ತ ಎಂಟು ಅಡಿ, ಅತ್ತ ಎಂಟು ಅಡಿ ಹಲಗೆ ಬೇಕು. ಎತ್ತು ಎಲ್ಲಿಂದ ಬರಬೇಕು? ಹೊಸ್ತಿಲಿನ ಮೇಲೆ ಹಲಗೆ ಹೊದಿಸಿ ಹತ್ತುವುದೂ ಅದನ್ನು ತುಳಿಯುವುದೂ ಒಂದೇ.

ಕೊಯ್ಯುವುದು ಆಗದ ಮಾತು. ಚನ್ನವ್ವ ದಿನಾ ಅದನ್ನು ತೊಳೆದು, ಅರಿಸಿನ ಬಳಿದು, ವಿಭೂತಿ ಹಚ್ಚುತ್ತಾಳೆ. ಮಗಳು ಐದು ವರ್ಷದವಳಿದ್ದಾಗ ಒಂದು ದಿನ ತೆವಳುತ್ತಾ ಹೋಗಿ ಹೊಸ್ತಿಲ ಮೇಲೆ ಕುಳಿತಳು. ಅವಳ ಆಯಿ, ಅಂದರೆ ನನ್ನ ತಾಯಿ, ಬೆನ್ನಿಗೆ ಬಿಗಿದಳು. ಹೊಸ್ತಿಲ ಮೇಲೆ ಕೂಡಬಾರದು, ಲಕ್ಷ್ಮಿ ಹೋಗುತ್ತಾಳೆ ಎಂದಳು. ತೆವಳುವ ಕೂಸು ಅದರ ಮೇಲೆ ಕೂಡದೆ ದಾಟುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಇಲ್ಲಿಯವರೆಗೆ ಅವಳನ್ನು ಎತ್ತಿಯೇ ದಾಟಿಸುವುದು.

ಹೊಸ್ತಿಲು ಹಾಗೇ ಇರಬೇಕು. ಖುರ್ಚಿಯನ್ನು ಬಸ್ಸಿನ ಮೇಲೆ ತಿರುಗಿ ಕಳಿಸಿದ್ದೇನೆ, ನೀವು ಅದನ್ನು ಬದಲಿಸಿ.

ಇಂತಿ,
ಗಂಗಯ್ಯ


ಬೈಲಹೊಂಗಲ
1 ಸೆಪ್ಟೆಂಬರ್ 1998

ಗಂಗಯ್ಯನವರಿಗೆ,

ಖುರ್ಚಿ ಬಸ್ಸಿನ ಮೇಲೆ ಹೋಗಿ, ಬಸ್ಸಿನ ಮೇಲೆ ಬಂದು, ಮತ್ತೆ ಬಸ್ಸಿನ ಮೇಲೆ ಬರುತ್ತಿದೆ. ನಿಮ್ಮ ಮಗಳಿಗಿಂತ ಅದೇ ಹೆಚ್ಚು ಊರು ತಿರುಗಿತು.

ನಿಮ್ಮ ಹಟಕ್ಕೆ ಗಾಲಿಗಳನ್ನು ತಿರುವಿ ಹಾಕಿದ್ದೇನೆ. ಧಾರವಾಡದ ಆ ಬೆತ್ತದ ಖುರ್ಚಿಯ ಹಾಗೆ ದೊಡ್ಡದು ಮುಂದೆ. ದೊಡ್ಡ ಗಾಲಿ ಮೂರು ನಾಲ್ಕು ಇಂಚು ಏರುತ್ತದೆ. ಹತ್ತು ಇಂಚು ಏರುವುದಿಲ್ಲ, ಇದನ್ನು ಈಗಲೇ ಬರೆದು ಕೊಡುತ್ತೇನೆ. ಹಿಂದಿನಿಂದ ಒಬ್ಬರು ಎತ್ತಿ ಹಿಡಿದರೆ ಏರೀತು. ಅವಳು ಒಂಟಿಯಾಗಿ ಹತ್ತಿಸಲು ಹೋಗಬಾರದು. ಇದನ್ನು ಅವಳಿಗೆ ಓದಿ ಹೇಳಿ.

ಐವತ್ತು ವರ್ಷ ಮುಂದೆ ಬಂದ ಖುರ್ಚಿಯನ್ನು ಒಂದು ಕಟ್ಟಿಗೆಯ ತುಂಡಿಗಾಗಿ ಹಿಂದಕ್ಕೆ ಒಯ್ದಿದ್ದೇನೆ. ನನಗೆ ಇದು ಹಿಡಿಸಿಲ್ಲ.

ಬಸವಣ್ಣೆಪ್ಪ


ಸುರೇಬಾನ
28 ಸೆಪ್ಟೆಂಬರ್ 1998

ಬಸವಣ್ಣೆಪ್ಪನವರಿಗೆ ನಮಸ್ಕಾರಗಳು.

ಖುರ್ಚಿ ಚೆನ್ನಾಗಿದೆ. ಒಂದು ಹಿಡಿಕೆ ಬಾಗಿದೆ. ಕಾಲಿಡುವ ಹಲಗೆ ಸೀಳಿದೆ. ಕಬ್ಬಿಣ ಹಗುರವಾಗಿದ್ದಿರಬೇಕು. ಬೇರೆ ಹಲಗೆ ಕಳಿಸಿ.

ಗಂಗಯ್ಯ


ಬೈಲಹೊಂಗಲ
6 ಅಕ್ಟೋಬರ್ 1998

ಗಂಗಯ್ಯನವರೇ,

ನನ್ನ ಕಬ್ಬಿಣ ಹಗುರವಲ್ಲ. ಆ ಹಿಡಿಕೆ ಬಾಗಬೇಕಾದರೆ ಖುರ್ಚಿ ಕೂತವರ ಸಮೇತ ಹಿಂದಕ್ಕೆ ಬಿದ್ದಿರಬೇಕು. ಮಗಳು ಬಿದ್ದಳೇ? ಎಲ್ಲಿ ಪೆಟ್ಟಾಯಿತು? ಮುತ್ತು ಪೋಣಿಸಿದ ಹಾಗೆ ಇರುತ್ತಿದ್ದ ನಿಮ್ಮ ಅಕ್ಷರ ಈ ಸಲ ಯಾಕೆ ಓಡಾಡಿವೆ?

ಈ ಕಾಗದ ಕಂಡ ದಿನವೇ ಉತ್ತರ ಬರೆಯಿರಿ.

ಬಸವಣ್ಣೆಪ್ಪ


ಬೈಲಹೊಂಗಲ
4 ಜನವರಿ 1999

ಗಂಗಯ್ಯನವರೇ,

ಜಂಗಮರಿಗೆ ಬೈಯಬಾರದು ಎನ್ನುತ್ತಾರೆ. ಅದಕ್ಕೆ ಮೊದಲು ಶರಣು ಮಾಡಿ ಆಮೇಲೆ ಬೈಯುತ್ತೇನೆ. ಶರಣು.

ಮೂರು ತಿಂಗಳಲ್ಲಿ ಗ್ರಂಥಾಲಯದ ವಿಳಾಸಕ್ಕೆ ಮೂರು ಕಾಗದ ಹಾಕಿದೆ. ಕಲ್ಲಿನ ಮುಂದೆ ಮಾತಾಡಿದ ಹಾಗಾಯಿತು. ಟಪಾಲು ಮುಟ್ಟಿದರೆ ಮುಟ್ಟಲಿ, ಬಿಟ್ಟರೆ ಬಿಡಲಿ ಎಂದು ಈ ಸಲ ನೇರ ನಿಮ್ಮ ಮನೆಗೇ ಬರೆಯುತ್ತಿದ್ದೇನೆ.

ನಿಮಗೆ ಹೊಸ್ತಿಲು ಹೆಚ್ಚೋ, ಮಗಳು ಹೆಚ್ಚೋ? ಕೊಯ್ಯುವುದು ಆಗದ ಮಾತು ಎಂದು ಎಷ್ಟು ಸಲೀಸಾಗಿ ಬರೆದಿರಿ. ನನಗೆ ಈಗ ತಿಳಿಯಿತು. ಮಗಳನ್ನು ಹೊತ್ತು ಓಣಿಯ ತುಂಬ ಕೈ ಮುಗಿಸಿಕೊಳ್ಳುವುದು ನಿಮಗೆ ರೂಢಿಯಾಗಿದೆ. ಅವಳು ತಾನೇ ಹೋದರೆ ನಿಮಗೆ ಯಾರು ಕೈ ಮುಗಿಯಬೇಕು?

ಬಾಗಿಲಿನ ಅಗಲಕ್ಕೆ ಮೂರು ಗೆರೆ ಎಳೆದದ್ದು ಯಾಕೆ ಎಂದು ನೀವು ಕೇಳಲಿಲ್ಲ. ಹೇಳುತ್ತೇನೆ. ನನ್ನ ಹೆಂಡತಿ ಮಾಯವ್ವನಿಗೆ ಲಕ್ವಾ ಹೊಡೆದದ್ದು ಎಂಬತ್ತೊಂಬತ್ತರಲ್ಲಿ. ನಾನು ಅಂಗಡಿಯಲ್ಲಿ ಒಂದು ಖುರ್ಚಿ ಮಾಡಿದೆ. ಅಂಥದ್ದನ್ನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಬಿಡಿಭಾಗ ಒಯ್ದು ಮನೆಯೊಳಗೇ ಜೋಡಿಸಿ, ಅವಳನ್ನು ಕೂರಿಸಿ, ಬಾಗಿಲಿಗೆ ತಂದರೆ ಒಂದೂವರೆ ಇಂಚು ಹೆಚ್ಚು. ಊರಿನ ಬಾಗಿಲುಗಳನ್ನೆಲ್ಲ ಅಳೆಯುವ ಗಂಡ ತನ್ನ ಮನೆಯ ಬಾಗಿಲು ಅಳೆದಿರಲಿಲ್ಲ. ಚೌಕಟ್ಟು ಕಿತ್ತು ಅಗಲ ಮಾಡುತ್ತೇನೆ ಎಂದೆ. ಸುಗ್ಗಿ ಬಂತು, ಟ್ರೇಲರ್‌ಗಳ ಕೆಲಸ ಬಂತು. ನಾಳೆ ಎಂದೆ. ಅವಳು ಒಂದು ದಿನವೂ ಕೇಳಲಿಲ್ಲ. ಎರಡು ವರ್ಷ ಕಿಟಕಿಯ ಹತ್ತಿರ ಕುಳಿತಳು. ಕೊನೆಗೆ ಹೊರಗೆ ಬಂದದ್ದು ನಾಲ್ಕು ಮಂದಿಯ ಹೆಗಲ ಮೇಲೆ. ಒಂಬತ್ತನೆಯ ದಿನ ಚೌಕಟ್ಟು ಒಡೆದೆ. ಯಾರಿಗೆ ಬೇಕಿತ್ತು?

ಅದಕ್ಕೇ ಬೈಯುತ್ತಿದ್ದೇನೆ. ನಿಮಗೆ ಮಗಳು ಇನ್ನೂ ಇದ್ದಾಳೆ.

ಬಸವಣ್ಣೆಪ್ಪ


ಸುರೇಬಾನ
19 ಜನವರಿ 1999

ಬಸವಣ್ಣೆಪ್ಪನವರಿಗೆ ಸುರೇಬಾನದ ಖರೇ ಗಂಗಯ್ಯ ಬರಿಯೂದು.

ನಾ ನಾಕನೇತ್ತ ಕಲತಾಂವ. ಪುಸ್ತಕದ ಕನ್ನಡ ನನಗ ಬರಂಗಿಲ್ಲ, ಮಾತಾಡಿದಂಗ ಬರೀತೇನಿ. ನಿಮಗ ನಾ ಈ ತನಕ ಒಂದ ಕಾಗದಾನೂ ಬರದಿಲ್ರಿ. ಮಗಳು ತನ್ನ ಪಗಾರದಾಗ ಖುರ್ಚಿ ತರಿಸ್ಯಾಳ ಅನ್ನೂದಷ್ಟ ನನಗ ಗೊತ್ತಿತ್ತು. ನಿಮ್ಮ ಕಾಗದಾ ಓದಿ, ಯಾರದೋ ಮನೀ ಬೈಗಳ ನಮ್ಮ ಮನೀಗೆ ಬಂದೈತಿ ಅನಕೊಂಡೆ. ಹೊಸ್ತಿಲಾ ಕೊಯ್ಯಂಗಿಲ್ಲ ಅಂತ ನಾ ಯಾವಾಗ ಅಂದೇನ್ರಿ? ನನ್ನ ಕೇಳಿದವರರ ಯಾರು?

ಕಾಗದಾ ಹಿಡಕೊಂಡು ಮಗಳ ಮುಂದ ಕುಂತೆ. ಅಕಿ ಮಾರಿ ಸಣ್ಣದ ಮಾಡಿ, ಟ್ರಂಕಿನಾಗಿಂದ ನಿಮ್ಮ ಕಾಗದಾ ಎಲ್ಲಾ ತಗದು ಕೊಟ್ಲು. ನನ್ನ ಹೆಸರಲೆ ಬರದಾಕಿ ಅಕಿನ. ರಾಮದುರ್ಗಕ್ಕ ದವಾಖಾನಿಗೆ ಹೋದಾಗ ಆ ಮುದುಕರನ್ನ ಕಂಡು ಮಾತಾಡಿದಾಕಿನೂ ಅಕಿನ. "ಹೆಣ್ಣಮಗಳ ಹೆಸರಲೆ ಪರಊರ ಗಣಸಗ ಕಾಗದಾ ಹೋದ್ರ ಊರೆಲ್ಲಾ ಮಾತಾಡತೈತಿ, ಅದಕ್ಕ ನಿಮ್ಮ ಹೆಸರ ಹಾಕಿದೆ" ಅಂದ್ಲು. ಅದು ಹೋಗ್ಲಿ. ಹೊಸ್ತಿಲದ ಮಾತ ಯಾಕ ನನ್ನ ಬಾಯಾಗ ಇಟ್ಟಿ ಅಂತ ಕೇಳಿದೆ. "ಕೇಳಿದ್ರ ನೀವು ಹಂಗ ಅಂತಿದ್ರಿ ಅಂತ ನನಗ ಗೊತ್ತಿತ್ತು" ಅಂದ್ಲು. ನಾ ಏನ ಅಂತೇನಿ ಅಂಬೂದು ನನಗ ಗೊತ್ತಿಲ್ಲ, ಅಕಿಗೆ ಗೊತ್ತಿತ್ತಂತ!

ದಸರಿ ಮುಂದ ನಾ ಹೊಲಕ್ಕ ಹೋದಾಗ ಒಬ್ಬಾಕೀನ ಹೊಸ್ತಿಲಾ ಹತ್ತಸಾಕ ಹೋಗಿ ಹಿಂದಕ್ಕ ಬಿದ್ದಾಳ. ಮಣಿಕಟ್ಟ ಉಳಕಿತ್ತು. ನಮಗ ಮಂಚದ ಮ್ಯಾಲಿಂದ ಬಿದ್ದೆ ಅಂದಿದ್ಲು.

ಕೈ ಮುಗಿಸಿಕೊಳ್ಳೂ ಚಟಾ ನನಗ ಇಲ್ರಿ. ನನಗ ಅರವತ್ಮೂರು. ಎರಡು ವರ್ಷಾತು, ನಡಾ ಹಿಡದೈತಿ. ಚನ್ನವ್ವ ಹರಳೆಣ್ಣಿ ತಿಕ್ಕತಾಳ, ಮಗಳಿಗೆ ಗೊತ್ತಾಗಬಾರದು ಅಂತ ಅಡಗಿಮನ್ಯಾಗ ಕುಂತು ತಿಕ್ಕಿಸಿಕೋತೇನಿ. ಹೊರೂದು ಆಗಂಗಿಲ್ಲ ಅಂದ್ರ ಅಕಿ ಏನ ತಿಳಕೋತಾಳೋ ಅಂತ ನಾ ಬಾಯಿ ಬಿಡಲಿಲ್ಲ. ಹೊರೂದು ಬ್ಯಾಡ ಅಂದ್ರ ನಾ ಏನ ತಿಳಕೋತೇನೋ ಅಂತ ಅಕಿ ಬಿಡಲಿಲ್ಲ. ಇಬ್ಬರೂ ಶಾಣ್ಯಾರು.

ಮಾಯವ್ವಾರ ಸುದ್ದಿ ಓದಿ ಭಾಳ ಕೆಟ್ಟ ಅನಿಸಿತ್ರಿ. ಅದಕ್ಕ ನೀವು ಬೈದದ್ದು ನಾ ಮನಸಿಗೆ ಹಚ್ಚಿಕೊಂಡಿಲ್ಲ. ಸ್ವಲ್ಪ ಹಚ್ಚಿಕೊಂಡೇನಿ.

ಹೊಸ್ತಿಲಾ ನಿನ್ನೆ ನೆಲಮಟ್ಟ ಕೊಯ್ದೆ. ಚನ್ನವ್ವ ಮಾತ ಬಿಟ್ಟಾಳ. ಖುರ್ಚಿ ಮತ್ತ ಆ ಸಾಗವಾನಿ ತುಂಡು ಎರಡೂ ಬಸ್ಸಿನ ಮ್ಯಾಲೆ ಹಾಕೇನಿ. ಗಾಲಿ ಮೊದಲ ಇದ್ದಂಗ ಮಾಡ್ರಿ. ಕಾಲಿಡೂ ಹಲಗಿ ಸೀಳೇತಲ್ಲ, ಅದನ್ನ ಈ ತುಂಡಿನಾಗ ಮಾಡ್ರಿ. ನಮ್ಮ ಮುತ್ಯಾನ ಕಾಲದ ಕಟಗಿ, ಒಲಿಗೆ ಹಾಕಾಕ ಮನಸ್ಸಾಗಲಿಲ್ಲ.

ಗಂಗಯ್ಯ


ಬೈಲಹೊಂಗಲ
24 ಫೆಬ್ರುವರಿ 1999

ತಂಗಿ ಅನ್ನಪೂರ್ಣಾ,

ಒಂದು ವರ್ಷ ನಿನ್ನನ್ನು ಅಯ್ಯನವರೇ ಎಂದು ಕರೆದು ಶರಣು ಮಾಡಿದೆ. ಅವನ್ನೆಲ್ಲ ಹಿಂದಕ್ಕೆ ಕೊಡು. ನಿನ್ನ ಮಾತು ಕೇಳಿ ಪಾಪದ ಮನುಷ್ಯನಿಗೆ ಬಾಯಿಗೆ ಬಂದದ್ದು ಬರೆದೆ. ಆ ಕಾಗದವನ್ನು ಅವರು ಹರಿದು ಒಗೆದಿದ್ದಾರೆ ತಾನೇ? ಇಲ್ಲವಾದರೆ ನೀನು ಹರಿ.

ಬಿದ್ದವಳು ಬಿದ್ದೆ ಎಂದು ಬರೆಯಬೇಕು. ಕಬ್ಬಿಣಕ್ಕೆ ಹೆಸರಿಡಬಾರದು. ಮೂರು ತಿಂಗಳು ನಾನು ಅಂಗಡಿಯಲ್ಲಿ ಯಾರ ಮೇಲೆ ಸಿಡಿಮಿಡಿಗೊಂಡೆ ಎಂಬುದನ್ನು ಇಲ್ಲಿಯ ಮಂದಿಯನ್ನು ಕೇಳು. ಮಣಿಕಟ್ಟು ಈಗ ಹೇಗಿದೆ ಬರೆ.

ದೊಡ್ಡ ಗಾಲಿ ಹಿಂದಕ್ಕೆ ಹೋಗಿವೆ. ಕಾಲಿಡುವ ಹಲಗೆಯನ್ನು ನಿಮ್ಮ ಸಾಗವಾನಿಯಲ್ಲಿ ಮಾಡಿದ್ದೇನೆ. ಕಟ್ಟಿಗೆ ಎಷ್ಟು ಗಟ್ಟಿ ಎಂದರೆ ಎರಡು ಕರಗಸದ ಹಲ್ಲು ಹೋದವು. ಅರಿಸಿನ ಒಳಗಿನವರೆಗೆ ಇಳಿದಿದೆ, ಕೀಸಿದಷ್ಟೂ ಹಳದಿ.

ಹಿಡಿಕೆ ಎರಡನ್ನೂ ಕೊಯ್ದು ತೆಗೆದಿದ್ದೇನೆ. ಬೇಡ ಎಂದು ನೀನು ಮೊದಲೇ ಬರೆದಿದ್ದೆ. ಮಗಳನ್ನು ಕೇಳಿ ಎಂದು ಊರಿಗೆಲ್ಲ ಹೇಳುವವನು, ಹೇಳಿದ್ದನ್ನು ಕೇಳಲಿಲ್ಲ. ತಪ್ಪು ನನ್ನದು.

ಬಸವಣ್ಣೆಪ್ಪ


ಸುರೇಬಾನ
21 ಮಾರ್ಚ್ 1999

ಬಸವಣ್ಣೆಪ್ಪ ಕಾಕಾರಿಗೆ ಅನ್ನಪೂರ್ಣಾಳ ಶರಣು. ಉಳಿದ ಶರಣುಗಳನ್ನು ಒಂದೊಂದು ಕಾಗದಕ್ಕೆ ಒಂದರಂತೆ ತೀರಿಸುತ್ತೇನೆ. ಮಣಿಕಟ್ಟು ನೆಟ್ಟಗಾಗಿದೆ. ಅಪ್ಪ ನಿಮ್ಮ ಕಾಗದ ಹರಿದಿಲ್ಲ. ಮಾಯವ್ವನವರ ಸುದ್ದಿ ಇರುವ ಹಾಳೆಯನ್ನು ಮಡಚಿ ದೇವರ ಜಗಲಿಯ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಖುರ್ಚಿ ಬಂದು ಹದಿನೈದು ದಿನವಾಯಿತು. ಬಂದ ಮರುದಿನ ಮುಂಜಾನೆ ನಾನು ಎದ್ದು ನೋಡಿದರೆ ಕಾಲಿಡುವ ಹಲಗೆಗೆ ಅರಿಸಿನ, ಕುಂಕುಮ, ಮೂರು ಬೆರಳಿನ ವಿಭೂತಿ, ಎರಡು ಕಣಗಿಲೆ ಹೂವು! ಹೊಸ್ತಿಲು ನೆಲಮಟ್ಟ ಹೋಯಿತಲ್ಲ, ಅವ್ವನ ಪೂಜೆ ಖುರ್ಚಿಗೆ ಬಂತು. ಹೊಸ್ತಿಲಾಗಿದ್ದ ಕಟ್ಟಿಗೆಯ ಮೇಲೆ ಕಾಲಿಡುವುದು ಹೇಗೆ? ಎರಡು ದಿನ ನಾನು ಕಾಲುಗಳನ್ನು ಮೇಲೆತ್ತಿ ಸೀಟಿನ ಮೇಲೆ ಮಡಚಿಕೊಂಡು ಕುಳಿತೆ. ಮುಂದಕ್ಕೆ ಬಗ್ಗಿದರೆ ಬೀಳುವ ಹಾಗಾಗುತ್ತಿತ್ತು. ಹತ್ತು ಇಂಚಿನ ಹೊಸ್ತಿಲು ಹೋಯಿತು, ಅರ್ಧ ಇಂಚಿನದು ಬಂತು ಎಂದು ಸಿಟ್ಟಿನಿಂದ ನಿಮಗೆ ಕಾಗದ ಬರೆಯಲು ಕುಳಿತೆ. ಬೇರೆ ಹಲಗೆ ಕಳಿಸಿ ಎಂದು ನಾಲ್ಕು ಸಾಲು ಬರೆದೂ ಆಗಿತ್ತು.

ಆಮೇಲೆ ಹಾಳೆ ಹರಿದು ಅಡುಗೆಮನೆಗೆ ಹೋಗಿ ಕೇಳಿದೆ. "ಅವ್ವಾ, ಇದರ ಮ್ಯಾಲೆ ನಾ ಕಾಲ ಇಡಬೇಕೋ ಬ್ಯಾಡೋ?"

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹೊಸ್ತಿಲಾ ತುಳೀಬಾರದು ಅಂದದ್ದು ಭಾರ ಹಾಕಿ ನಡಿಯೋರಿಗೆ. ನಿನ್ನ ಕಾಲಿನಾಗ ಭಾರ ಎಲ್ಲೈತಿ? ನಿನಗಂತನ ಪೂಜಿ ಮಾಡೇನಿ. ಇಡು."

"ಹಂಗಾದ್ರ ಐದು ವರ್ಷದಾಕಿ ಇದ್ದಾಗ ಆಯಿ ಯಾಕ ಹೊಡದ್ಲು?"

"ಆಯಿನ್ನ ನಾನೂ ಕೇಳಲಿಲ್ಲ, ನೀನೂ ಕೇಳಲಿಲ್ಲ" ಎಂದಳು. ರೊಟ್ಟಿ ಹಂಚಿಗೆ ಹಾಕಿ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು. ನನಗೆ ಅವ್ವನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಇಪ್ಪತ್ತೆರಡು ವರ್ಷ ಮೂರು ಮಂದಿ ಒಂದೇ ಮನೆಯಲ್ಲಿ ಉಂಡು ಮಲಗಿ ಒಂದು ಮಾತು ಕೇಳಿಕೊಳ್ಳಲಿಲ್ಲ.

ಮರುದಿನ ಕಾಲಿಟ್ಟು ಹೊರಗೆ ಹೋದೆ. ಬಾಗಿಲಿನಲ್ಲಿ ಬಳೆ ತಾಗಿತು. ಅಷ್ಟೇ. ಅಪ್ಪ ರೂಢಿಯಂತೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತಿದ್ದವರು ನನ್ನನ್ನು ಕಂಡು ಎದ್ದು, ಟವೆಲ್ಲು ಕೊಡವಿ, ಹೊಲಕ್ಕೆ ಹೊರಟವರ ಹಾಗೆ ಇಪ್ಪತ್ತು ಹೆಜ್ಜೆ ಹಿಂದೆ ಬಂದರು. ಹೊಲ ಇರುವುದು ಆ ಕಡೆಗಲ್ಲ. ಓಣಿಯ ಮಂದಿ ಎದ್ದು ನಿಂತರು. ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಮತ್ತೆ ಕುಳಿತರು. ಒಬ್ಬ ಮುದುಕಿ ಮಾತ್ರ, "ಏನವಾ ಅನ್ನಪೂರ್ಣಾ, ಎಲ್ಲಿಗೆ ಹೊಂಟಿ?" ಎಂದಳು. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅದನ್ನು ಯಾವಾಗಲೂ ಅಪ್ಪನಿಗೇ ಕೇಳುತ್ತಿದ್ದರು. ಕೆಲಸಕ್ಕೆ ಎಂದೆ.

ಗ್ರಂಥಾಲಯಕ್ಕೆ ಎರಡು ಮೆಟ್ಟಿಲಿವೆ. ನಿಮಗೆ ಬರೆದಿರಲಿಲ್ಲ. ಕೂಡಲೇ ಬೈಯಬೇಡಿ. ನಾನೂ ಅವನ್ನು ಯಾವಾಗಲೂ ಬೆನ್ನ ಮೇಲಿನಿಂದಲೇ ನೋಡಿದವಳು, ಅವು ಮೆಟ್ಟಿಲು ಎಂದು ಗೊತ್ತಾದದ್ದೇ ಅವತ್ತು. ಕೆಳಗಿನದು ಆರೂವರೆ ಇಂಚು, ಮೇಲಿನದು ಏಳು. ಟೇಪು ಹಿಡಿದು ನಾನೇ ಅಳೆದಿದ್ದೇನೆ. ಇಳಿಜಾರು ಮಾಡಿಸಲು ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೇನೆ. ಅದರಲ್ಲಿ ಹೆಸರು ನನ್ನದೇ ಇದೆ.

ಅವತ್ತು ಆ ಮೆಟ್ಟಿಲಿನ ಮುಂದೆ ಬಹಳ ಹೊತ್ತು ಖುರ್ಚಿ ನಿಲ್ಲಿಸಿಕೊಂಡಿದ್ದೆ. ಅಪ್ಪ ದೂರದಲ್ಲಿ ಬೇವಿನ ಗಿಡದ ಕೆಳಗೆ ನಿಂತು ಬೇರೆ ಎಲ್ಲೋ ನೋಡುತ್ತಿದ್ದರು. ಕರೆಯದೆ ಬರಬಾರದು ಎಂದು ನಿಶ್ಚಯ ಮಾಡಿದ್ದರೆಂದು ಕಾಣುತ್ತದೆ. ಕೊನೆಗೆ ನಾನೇ, "ಅಪ್ಪಾ, ಬರ್ರಿ, ಎತ್ಕೋರಿ" ಎಂದೆ. ಹುಟ್ಟಿದಾಗಿನಿಂದ ನಾನಾಗಿ ಕೇಳಿದ್ದು ಅದೇ ಮೊದಲು. ಅವರು ಓಡಿ ಬಂದು ಬೆನ್ನು ಕೊಟ್ಟರು.

ಅವರ ಬೆನ್ನಿನ ಹರಳೆಣ್ಣೆಯ ವಾಸನೆ ನನಗೆ ಹಳೆಯದು. ಎರಡು ಮೆಟ್ಟಿಲು ಹತ್ತಿಸಿ ಇಳಿಸುವಾಗ, "ನಡಾ ನೋಯತೈತೇನ್ರಿ?" ಎಂದೂ ಕೇಳಿದೆ.

"ಭಾಳ" ಎಂದರು.

ಅನ್ನಪೂರ್ಣಾ
ಗ್ರಂಥಾಲಯ ಮೇಲ್ವಿಚಾರಕಿ, ಸುರೇಬಾನ